ಸಾರಾಂಶದ ರಾಜಕಾರಣ: ಇಂಗ್ಲಿಷ್ ತರಗತಿಯಿಂದ ಕೆಲವು ಟಿಪ್ಪಣಿಗಳು

1

ಪದವಿ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ‘ಪ್ರೆಸಿ’ ಎಂಬ ಒಂದು ಅಭ್ಯಾಸವಿದೆ. ಒಂದು ಗದ್ಯಭಾಗ ಕೊಟ್ಟು, ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ತಲೆಬರಹ ಹಾಕಿ ಎಂದು ಕೇಳುವುದು. ಹುಡುಗರು ಇದನ್ನು ‘ಪ್ರೆಸೈಸ್’ ಎಂದೇ ಓದುತ್ತಾರೆ. ನಾನೂ ಹಾಗೇ ಓದಿದವನು; ಎಂ.ಎ.ಗೆ ಹೋದಮೇಲೆ ಯಾರೋ ನಕ್ಕಾಗ ತಿದ್ದಿಕೊಂಡೆ. ಈಗ ನಾನು ಪಾಠ ಹೇಳುವ ತರಗತಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರು ಬರುತ್ತಾರೆ. ಬಹಳಷ್ಟು ಮಂದಿಗೆ ಇಂಗ್ಲಿಷ್ ಎಂದರೆ ಪಾಸಾಗಬೇಕಾದ ಒಂದು ಪೇಪರು. ಅದು ತಪ್ಪಲ್ಲ. ನನಗೂ ಅದು ಹಾಗೇ ಇತ್ತು.

ಪಠ್ಯದಲ್ಲಿ ಕೊಟ್ಟಿದ್ದ ಗದ್ಯಭಾಗಗಳು ಶಿಸ್ತು, ಕಾಲದ ಮಹತ್ವ, ಪರಿಸರ ಇಂಥವುಗಳ ಬಗ್ಗೆ ಇದ್ದವು. ಹುಡುಗರಿಗೆ ಬೇಸರವಾಗಿತ್ತು, ನನಗೂ ಆಗಿತ್ತು. ಹಾಗಾಗಿ ಒಂದು ದಿನ ಅಮೆರಿಕದ ರಾಜಕೀಯ ಸುದ್ದಿಯೊಂದನ್ನು ಝೆರಾಕ್ಸ್ ಮಾಡಿಸಿ ಹಂಚಿದೆ. 2023ರ ಫೆಬ್ರವರಿ 21ರಂದು ಸಿಯಾಟಲ್ ನಗರದ ಕೌನ್ಸಿಲ್ಲು ಜಾತಿ ತಾರತಮ್ಯವನ್ನು ನಿಷೇಧಿಸಿ ಕಾನೂನು ಮಾಡಿದ ಸುದ್ದಿ ಅದು. ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ನಗರ ಸಿಯಾಟಲ್. ಪರವಾಗಿ ಆರು ಮತ, ವಿರುದ್ಧವಾಗಿ ಒಂದು ಮತ. ಮಂಡಿಸಿದವರು ಪುಣೆಯಲ್ಲಿ ಹುಟ್ಟಿದ, ಸಮಾಜವಾದಿ ರಾಜಕಾರಣ ಮಾಡುವ ಕ್ಷಮಾ ಸಾವಂತ್. ಇದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿರಿ ಎಂದೆ.

ಬಂದ ಉತ್ತರಗಳಲ್ಲಿ ಎರಡರ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ.

ಹುಕ್ಕೇರಿ ಕಡೆಯ ಒಬ್ಬ ಹುಡುಗ ಬರೆದದ್ದು ಅಚ್ಚುಕಟ್ಟಾಗಿತ್ತು. ವ್ಯಾಕರಣ ಸರಿ, ಅಳತೆ ಸರಿ, ತಲೆಬರಹ ಸರಿ. ಸಿಯಾಟಲ್ ನಗರವು ತಾರತಮ್ಯದ ವಿರುದ್ಧ ಒಂದು ಹೊಸ ಕಾನೂನು ಮಾಡಿತು, ಕೆಲವರು ಸ್ವಾಗತಿಸಿದರು, ಕೆಲವರು ವಿರೋಧಿಸಿದರು ಎಂಬುದು ಅದರ ತಿರುಳು. ಇಡೀ ಸಾರಾಂಶದಲ್ಲಿ ‘ಕಾಸ್ಟ್’ ಎಂಬ ಶಬ್ದ ಇರಲಿಲ್ಲ. ನಾನು ಅದನ್ನು ಗಮನಿಸದೆ ಹತ್ತಕ್ಕೆ ಎಂಟು ಕೊಟ್ಟೆ.

ಮೂಡಲಗಿ ಕಡೆಯ ಹುಡುಗಿಯೊಬ್ಬಳು ಬರೆದದ್ದು ಮೂಲ ಸುದ್ದಿಯಷ್ಟೇ ಉದ್ದವಿತ್ತು. ನಡುವೆ ಅವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ತನ್ನ ಊರಿನ ಚಾದಂಗಡಿಯ ಸಂಗತಿ ಸೇರಿಸಿದ್ದಳು. ಮೊದಲು ಕೇರಿಯವರಿಗೆ ಬೇರೆ ಗ್ಲಾಸು ಇಡುತ್ತಿದ್ದರಂತೆ. ಈಗ ಎಲ್ಲರಿಗೂ ಕಾಗದದ ಕಪ್ಪು. ಆದರೆ ಕೆಲವರು ಆ ಕಪ್ಪನ್ನು ಒಳಗೆ ಕುಳಿತು ಕುಡಿಯುತ್ತಾರೆ, ಕೆಲವರು ಹೊರಗೆ ನಿಂತು ಕುಡಿಯುತ್ತಾರೆ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ನಾನು ಕೆಂಪು ಪೆನ್ನಿನಲ್ಲಿ ಅಂಚಿಗೆ ಬರೆದೆ: ಉದಾಹರಣೆ ಬೇಡ, ಸ್ವಂತ ಅಭಿಪ್ರಾಯ ಬೇಡ, ಉದ್ದವಾಯಿತು. ಹತ್ತಕ್ಕೆ ಮೂರು.

ಹಾಳೆ ವಾಪಸು ಕೊಟ್ಟ ದಿನ ಅವಳು ಅಂಕದ ಬಗ್ಗೆ ಏನೂ ಕೇಳಲಿಲ್ಲ. “ಸರ್, ಅಲ್ಲಿಗೆ ಜಾತಿ ಯಾರು ಒಯ್ದ್ರು ಅನ್ನೂದು ಇದರಾಗ ಇಲ್ಲಲ್ಲರಿ?” ಅಂದಳು. ಹುಡುಗನನ್ನು ಆಮೇಲೆ ಹೊರಗೆ ಕರೆದು, ಆ ಶಬ್ದ ಯಾಕೆ ಬಿಟ್ಟೆ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರದಿದ್ದನ್ನ ನೀವು ಎದ್ದು ನಿಂತು ಓದಾಕ ಹಚ್ಚತೀರಿ ಸರ್. ಆ ಶಬ್ದ ಓದಿದ್ರ ಎಲ್ಲಾರೂ ನನ್ನ ಕಡೆ ನೋಡತಾರ” ಅಂದ.

ಈ ಲೇಖನ ಆ ಎರಡು ಹಾಳೆಗಳಿಂದ ಹುಟ್ಟಿದ್ದು. ಸಾರಾಂಶ ಎಂಬುದು ಒಂದು ತಟಸ್ಥ ಕೌಶಲ ಎಂದು ನಾನು ನಂಬಿದ್ದೆ, ಹಾಗೆಂದೇ ಕಲಿಸುತ್ತಿದ್ದೆ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರದ್ದು ಎಂಬ ಪ್ರಶ್ನೆಯನ್ನು ದಲಿತ ವಿಮರ್ಶೆ ಕಾವ್ಯ ಕಾದಂಬರಿಗಳ ಬಗ್ಗೆ ಕೇಳಿದೆ. ತರಗತಿಯ ಅಭ್ಯಾಸದ ಬಗ್ಗೆಯೂ ಅದನ್ನು ಕೇಳಬೇಕು ಎಂಬುದಷ್ಟೇ ನನ್ನ ವಾದ.

2

ಮೊದಲು ಸುದ್ದಿಯನ್ನೇ ನೋಡೋಣ. ಸಿಯಾಟಲ್ ಕಾನೂನು ಒಂಟಿಯಾಗಿ ಬಂದದ್ದಲ್ಲ. 2019ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ವಿರೋಧಿ ನೀತಿಯಲ್ಲಿ ಜಾತಿಯನ್ನು ಸೇರಿಸಿತು. 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೊಂದು, ದಲಿತ ಇಂಜಿನಿಯರೊಬ್ಬರ ವಿರುದ್ಧ ತಾರತಮ್ಯ ನಡೆದಿದೆಯೆಂಬ ಆರೋಪದ ಮೇಲೆ ಸಿಸ್ಕೊ ಕಂಪನಿಯ ಮೇಲೆ ದಾವೆ ಹೂಡಿತು. 2023ರಲ್ಲಿ ಅದೇ ರಾಜ್ಯದ ಶಾಸನಸಭೆ, ಆಯಿಷಾ ವಹಾಬ್ ಮಂಡಿಸಿದ್ದ ಜಾತಿ ತಾರತಮ್ಯ ವಿರೋಧಿ ಮಸೂದೆಯನ್ನು ಅಂಗೀಕರಿಸಿತು. ಆದರೆ 2023ರ ಅಕ್ಟೋಬರ್ 7ರಂದು ಗವರ್ನರ್ ಗೇವಿನ್ ನ್ಯೂಸಮ್ ಅದಕ್ಕೆ ಸಹಿ ಹಾಕಲು ನಿರಾಕರಿಸಿದರು. ಅವರು ಕೊಟ್ಟ ಕಾರಣವನ್ನು ಗಮನಿಸಬೇಕು. ಈಗಿರುವ ಕಾನೂನುಗಳಲ್ಲಿ ವಂಶಮೂಲವೇ ಮೊದಲಾದ ಆಧಾರದ ಮೇಲಿನ ತಾರತಮ್ಯ ಆಗಲೇ ನಿಷಿದ್ಧವಾಗಿದೆ, ಜಾತಿಯೂ ಅದರಲ್ಲಿ ಬರುತ್ತದೆ, ಆದ್ದರಿಂದ ಈ ಮಸೂದೆ ಅನಗತ್ಯ ಎಂಬುದು ಅದರ ಅಭಿಪ್ರಾಯ.

ಇದು ಥೇಟ್ ಪ್ರೆಸಿ ಮಾಸ್ತರರ ಮಾತು. ಈ ಶಬ್ದದ ಅರ್ಥ ಆ ಶಬ್ದದಲ್ಲಿ ಬಂದಿದೆ, ಪುನರುಕ್ತಿ ಬೇಡ, ತೆಗೆದುಹಾಕು. ನಾನೂ ನನ್ನ ಹುಡುಗರಿಗೆ ಇದನ್ನೇ ಹೇಳುತ್ತೇನೆ.

ಇದಕ್ಕೂ ಹಿಂದಿನ ಸಂಗತಿ 2001ರದು. ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಸಮ್ಮೇಳನ ನಡೆಸಿತು. ಜಾತಿಯ ಪ್ರಶ್ನೆಯನ್ನೂ ಅಲ್ಲಿ ಎತ್ತಬೇಕೆಂದು ದಲಿತ ಸಂಘಟನೆಗಳ ಕಾರ್ಯಕರ್ತರು ಹೋದರು. ಭಾರತ ಸರ್ಕಾರ ಬಲವಾಗಿ ವಿರೋಧಿಸಿತು: ಜಾತಿ ಎಂದರೆ ಜನಾಂಗವಲ್ಲ, ಅದು ನಮ್ಮ ಮನೆಯೊಳಗಿನ ಮಾತು ಎಂದಿತು. ಸಮ್ಮೇಳನದ ಕೊನೆಯ ಘೋಷಣೆಯಲ್ಲಿ ಜಾತಿ ಎಂಬ ಶಬ್ದ ಬರಲಿಲ್ಲ. ವಿಶ್ವಸಂಸ್ಥೆಯ ಕಾಗದಗಳಲ್ಲಿ ಇದಕ್ಕೆ ಬಳಕೆಯಾಗುವ ನುಡಿಗಟ್ಟು ‘ಕೆಲಸ ಮತ್ತು ವಂಶಮೂಲವನ್ನು ಆಧರಿಸಿದ ತಾರತಮ್ಯ’.

ಈ ಎರಡು ನಿಲುವುಗಳನ್ನು ಪಕ್ಕಪಕ್ಕ ಇಟ್ಟು ನೋಡಿರಿ. ಡರ್ಬನ್ನಿನಲ್ಲಿ ಜಾತಿ ಬೇರೆಯೇ ಒಂದು ವಸ್ತು, ಅದಕ್ಕೇ ಅದು ಈ ಪಟ್ಟಿಯಲ್ಲಿ ಸೇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜಾತಿ ಬೇರೆ ವಸ್ತುವೇ ಅಲ್ಲ, ಅದಕ್ಕೇ ಅದನ್ನು ಪಟ್ಟಿಯಲ್ಲಿ ಮತ್ತೆ ಸೇರಿಸುವುದು ಬೇಡ. ವಾದಗಳು ಒಂದಕ್ಕೊಂದು ವಿರುದ್ಧ, ಫಲಿತಾಂಶ ಒಂದೇ. ಶಬ್ದ ಬಿದ್ದುಹೋಯಿತು. ಹುಕ್ಕೇರಿ ಕಡೆಯ ನನ್ನ ಹುಡುಗ ಹೆದರಿ ಬಿಟ್ಟ ಶಬ್ದವನ್ನು ಸರ್ಕಾರಗಳು ಕಾರಣ ಕೊಟ್ಟು ಬಿಟ್ಟವು.

ಇನ್ನು ಆ ಹುಡುಗಿಯ ಪ್ರಶ್ನೆ. ಅಲ್ಲಿಗೆ ಜಾತಿ ಯಾರು ಒಯ್ದರು? ‘ಕಾಸ್ಟ್’ ಎಂಬ ಶಬ್ದವೇ ಪೋರ್ಚುಗೀಸರ ‘ಕಾಸ್ಟಾ’ದಿಂದ ಬಂದದ್ದು, ನಮ್ಮದು ಇಂಗ್ಲಿಷಿನಲ್ಲಿ ಸುತ್ತಿ ಮತ್ತೆ ನಮ್ಮ ಕೈಗೇ ಬಂದಿದೆ. ಆದರೆ ವಸ್ತು ಹೋದದ್ದು ಇಲ್ಲಿಂದಲೇ. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಇಪ್ಪತ್ತೈದು ವರ್ಷದ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಹಿಂದೂಗಳು ಬೇರೆ ದೇಶಗಳಿಗೆ ವಲಸೆ ಹೋದರೆ ಜಾತಿ ಲೋಕದ ಸಮಸ್ಯೆಯಾಗುತ್ತದೆ ಎಂಬ ಮಾತನ್ನು ಅವರು ಅಲ್ಲಿ ಮರಾಠಿ ವಿದ್ವಾಂಸ ಕೇತಕರರನ್ನು ನೆನೆದು ಹೇಳಿದ್ದಾರೆ. ನೂರೇಳು ವರ್ಷದ ಮೇಲೆ ಸಿಯಾಟಲ್ಲಿನ ಸುದ್ದಿ ಬಂತು. ನಮ್ಮ ಹುಡುಗಿ ಅಂಬೇಡ್ಕರರ ಆ ಪ್ರಬಂಧ ಓದಿಲ್ಲ. ಓದದೆಯೇ ಆ ಪ್ರಶ್ನೆಯ ಹತ್ತಿರ ಬಂದಿದ್ದಾಳೆ. ನಾನು ಓದಿದ್ದೂ ಅವಳಿಗೆ ಮೂರು ಅಂಕ ಕೊಟ್ಟೆ.

3

ಪ್ರೆಸಿಯ ಹುಟ್ಟು ಸಾಹಿತ್ಯದಲ್ಲಿಲ್ಲ, ಕಚೇರಿಯಲ್ಲಿದೆ. ಶಬ್ದ ಫ್ರೆಂಚಿನದು, ಅದರ ಲ್ಯಾಟಿನ್ ಮೂಲದ ಅರ್ಥ ಕತ್ತರಿಸಿ ಮೊಟಕು ಮಾಡಿದ್ದು ಎಂದು. ವಸಾಹತು ಆಡಳಿತ ನಡೆದದ್ದು ಕಾಗದದ ಮೇಲೆ. ಕೆಳಗಿನಿಂದ ಬಂದ ಉದ್ದನೆಯ ಅರ್ಜಿ, ಜವಾಬು, ಪಂಚನಾಮೆಗಳನ್ನು ಓದಲು ಮೇಲಿನ ಸಾಹೇಬನಿಗೆ ಪುರುಸೊತ್ತು ಇರುವುದಿಲ್ಲ. ನಡುವಿನ ಗುಮಾಸ್ತ ಅದನ್ನು ನಾಲ್ಕು ಸಾಲು ಮಾಡಿ ಫೈಲಿಗೆ ಹಚ್ಚಬೇಕು. ಆ ಗುಮಾಸ್ತ ಯಾವ ಜಾತಿಯವನಾಗಿರುತ್ತಿದ್ದ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವತ್ತಿಗೂ ಕೇಂದ್ರ ಲೋಕಸೇವಾ ಆಯೋಗದ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರೆಸಿ ಇದೆ. ಅಧಿಕಾರಿಯಾಗುವವನು ಮೊದಲು ಮೂರನೇ ಎರಡು ಭಾಗ ಬಿಡುವುದನ್ನು ಕಲಿಯಬೇಕು.

ನಮ್ಮ ಕಡೆಗೆ ಇಂಗ್ಲಿಷು ಪುಸ್ತಕದ ಜೊತೆ ಮಾತ್ರ ಬಂದದ್ದಲ್ಲ. ಘಟಪ್ರಭೆ ಧುಮುಕುವ ಜಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎದ್ದ ಗೋಕಾಕ ಗಿರಣಿಯ ಜೊತೆಗೂ ಬಂತು. ಮಸ್ಟರು, ಶಿಫ್ಟು, ಭೋಂಗಾ, ಮೆಮೊ ಈ ಶಬ್ದಗಳು ಅಕ್ಷರ ಬಾರದವರ ಬಾಯಲ್ಲೂ ಇದ್ದವು. ಅಂದರೆ ಇಂಗ್ಲಿಷು ಇಲ್ಲಿ ಮೊದಲಿಂದಲೂ ದುಡಿಯುವವರ ಬಗ್ಗೆ ಬರೆದಿಡುವ ಭಾಷೆಯಾಗಿತ್ತು, ದುಡಿಯುವವರು ಬರೆಯುವ ಭಾಷೆಯಾಗಿರಲಿಲ್ಲ.

ಸಾರಾಂಶ ಮಾಡುವುದರಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ತಿಳಿಯಲು ಪೋಲೀಸು ಠಾಣೆಗಿಂತ ಒಳ್ಳೆಯ ಜಾಗ ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಸಾರ್ವಜನಿಕರ ಕಣ್ಣೆದುರಿನ ಜಾಗದಲ್ಲಿ ಜಾತಿಯ ಹೆಸರು ಹಿಡಿದು ಬೈಯುವುದು ಅಪರಾಧ. ಹಾಗಾದರೆ ಏನು ಬೈದ, ಎಲ್ಲಿ ನಿಂತು ಬೈದ, ಯಾರು ಕೇಳಿಸಿಕೊಂಡರು ಎಂಬ ವಿವರಗಳೇ ಕೇಸಿನ ಜೀವ. ಕೇರಿಯಿಂದ ಬಂದವನು ಎಲ್ಲವನ್ನೂ ಹೇಳುತ್ತಾನೆ. ಹೇಳುವಾಗ ಹಿಂದಕ್ಕೆ ಮುಂದಕ್ಕೆ ಹೋಗುತ್ತಾನೆ, ಅಪ್ಪನ ಕಾಲದ್ದನ್ನು ತರುತ್ತಾನೆ, ಅದೇ ಮಾತು ಮೂರು ಸಲ ಹೇಳುತ್ತಾನೆ. ಬರೆದುಕೊಳ್ಳುವವನು ಅದನ್ನೆಲ್ಲ ಸೇರಿಸಿ ‘ಅವಾಚ್ಯ ಶಬ್ದಗಳಿಂದ ಬೈದು’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಭಾಷೆ ಸಭ್ಯವಾಗುತ್ತದೆ, ಅಪರಾಧ ಮಾಯವಾಗುತ್ತದೆ. ಆ ಬೈಗುಳದಲ್ಲಿ ಜಾತಿಯ ಹೆಸರು ಇತ್ತೋ ಇಲ್ಲವೋ ಎಂದು ವಕೀಲರು ನ್ಯಾಯಾಲಯದಲ್ಲಿ ಕೇಳುವಾಗ ಕಾಗದದಲ್ಲಿ ಉತ್ತರ ಇರುವುದಿಲ್ಲ. ಇದು ಉದ್ದೇಶಪೂರ್ವಕವಾಗಿಯೇ ಆಗಬೇಕೆಂದಿಲ್ಲ. ಒಳ್ಳೆಯ ಸಾರಾಂಶದ ನಿಯಮಗಳನ್ನು ಪ್ರಾಮಾಣಿಕವಾಗಿ ಪಾಲಿಸಿದರೂ ಆಗುತ್ತದೆ.

ಆ ನಿಯಮಗಳನ್ನು ನಾನು ಹಲಗೆಯ ಮೇಲೆ ಬರೆಸುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ಉದಾಹರಣೆಗಳನ್ನು ಬಿಡು. ಪುನರುಕ್ತಿಯನ್ನು ಬಿಡು. ನೇರ ಮಾತನ್ನು ಪರೋಕ್ಷ ಮಾಡು. ‘ನಾನು’ ಎಂಬುದನ್ನು ‘ಅವನು’ ಮಾಡು. ಭಾವಾವೇಶವನ್ನು ತೆಗೆ. ನಿನ್ನದನ್ನು ಸೇರಿಸಬೇಡ. ಈ ಆರನ್ನು ನಮ್ಮ ಯಾವುದೇ ಒಂದು ದಲಿತ ಆತ್ಮಕಥೆಯ ಎದುರು ಇಟ್ಟು ನೋಡಿದರೆ ಉಳಿಯುವುದೇನು ಎಂದು ಓದುಗರೇ ಲೆಕ್ಕ ಹಾಕಬಹುದು.

4

ಹಾಗಾದರೆ ಸಾರಾಂಶವೇ ಬೇಡವೇ? ಅಂಬೇಡ್ಕರರ ಉದಾಹರಣೆ ಇಲ್ಲಿ ನಮ್ಮ ಕೆಲಸಕ್ಕೆ ಬರುತ್ತದೆ. ಅವರು ಪತ್ರಿಕೆಗಳನ್ನು ಓದಿ, ಕತ್ತರಿಸಿ, ಬಳಸಿದ ರೀತಿ ನಮ್ಮ ವಿಮರ್ಶೆಯಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

1936ರ ‘ಜಾತಿ ವಿನಾಶ’ ಭಾಷಣದ ಮೊದಲ ಭಾಗವನ್ನೇ ನೋಡಿ. ಸಮಾಜ ಸುಧಾರಣೆಯಿಲ್ಲದೆ ರಾಜಕೀಯ ಸುಧಾರಣೆ ಸಾಧ್ಯವೇ ಎಂಬ ತಾತ್ವಿಕ ಪ್ರಶ್ನೆಯಿಂದ ಶುರುವಾಗುವ ಅದು ತಕ್ಷಣ ಸುದ್ದಿಗಳಿಗೆ ಬರುತ್ತದೆ. ಇಂದೂರು ಸಂಸ್ಥಾನದ ಬಲಾಯಿ ಜನರ ಮೇಲೆ ಮೇಲ್ಜಾತಿಯವರು ಹೇರಿದ ಕಟ್ಟುಗಳ ಬಗ್ಗೆ 1928ರ ಜನವರಿಯಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಬಂದ ವರದಿ ಅಲ್ಲಿದೆ. ಜರಿಯಂಚಿನ ಪಟಗ ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು, ಹೆಂಗಸರು ಬಂಗಾರ ಬೆಳ್ಳಿ ಹಾಕಬಾರದು, ಸಾವಿನ ಸುದ್ದಿಯನ್ನು ಎಷ್ಟು ದೂರವಾದರೂ ಹೋಗಿ ಮುಟ್ಟಿಸಬೇಕು, ಮದುವೆಗೆ ವಾದ್ಯ ಬಾರಿಸಬೇಕು, ಕೂಲಿ ಕೇಳಬಾರದು, ಒಪ್ಪದಿದ್ದರೆ ಊರು ಬಿಡಬೇಕು. ಇದಾದ ಮೇಲೆ ಗುಜರಾತಿನ ಕವಿಠಾ, ಜೈಪುರ ಸಂಸ್ಥಾನದ ಚಕವಾಡಾ ಮೊದಲಾದ ಊರುಗಳ ಸಂಗತಿಗಳು. ಪ್ರೆಸಿಯ ನಿಯಮದಂತೆ ಇವೆಲ್ಲ ಒಂದೇ ವಾಕ್ಯದಲ್ಲಿ ಮುಗಿಯಬೇಕು: ದೇಶದ ಹಲವೆಡೆ ಅಸ್ಪೃಶ್ಯರ ಮೇಲೆ ನಿರ್ಬಂಧಗಳಿದ್ದವು. ಅಂಬೇಡ್ಕರ್ ಹಾಗೆ ಮಾಡಲಿಲ್ಲ. ಎಲ್ಲಿ ಮೊಟಕು ಮಾಡಬೇಕೋ ಅಲ್ಲಿ ಮಾಡಿದರು, ನಿಷೇಧಗಳ ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಯಾಕೆಂದರೆ ಅವರಿಗೆ ಆ ಪಟ್ಟಿ ವಾದಕ್ಕೆ ಕೊಟ್ಟ ಉದಾಹರಣೆಯಲ್ಲ, ಅದೇ ವಾದ. ಪಟಗದ ಜರಿ ಯಾರ ಕಣ್ಣು ಚುಚ್ಚಿತು ಎಂಬುದರಲ್ಲೇ ಜಾತಿ ಇದೆ.

ಆ ಭಾಷಣದ ಕತೆ ಇನ್ನೂ ಇದೆ. ಅವರನ್ನು ಕರೆದಿದ್ದ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ, ಅಚ್ಚಾದ ಭಾಷಣ ಓದಿ ಗಾಬರಿಯಾಗಿ, ವೇದ ಮತ್ತು ಧರ್ಮಗ್ರಂಥಗಳ ಮೇಲಿನ ಟೀಕೆಯಂಥ ಭಾಗಗಳನ್ನು ಬಿಡಬೇಕೆಂದು ಬರೆಯಿತು. ಅಂದರೆ ಸ್ವಲ್ಪ ಸಣ್ಣದು ಮಾಡಿ ಅಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂಬ ಅರ್ಥದಲ್ಲಿ ಅಂಬೇಡ್ಕರ್ ಉತ್ತರಿಸಿದರು. ಸಮ್ಮೇಳನವೇ ನಿಂತಿತು. ಅವರು ತಮ್ಮ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿದರು, ಎರಡು ತಿಂಗಳಲ್ಲಿ ಮುಗಿದವು. ಆಡದ ಭಾಷಣ ಪುಸ್ತಕವಾಗಿ ಉಳಿಯಿತು. ಸುಧಾರಕರ ಸಾರಾಂಶಕ್ಕೆ ದಲಿತ ಪಠ್ಯ ‘ಇಲ್ಲ’ ಎಂದ ದೊಡ್ಡ ಸಂದರ್ಭ ಇದು. ದಲಿತ ವಿಮರ್ಶೆಗೆ ಒಂದು ಆರಂಭದ ದಿನ ಬೇಕಿದ್ದರೆ ಇದನ್ನೇ ಇಟ್ಟುಕೊಳ್ಳಬಹುದು.

ಅದೇ ಅಂಬೇಡ್ಕರ್ ಪರದೇಶದ ಸುದ್ದಿಗಳನ್ನೂ ನಮಗಾಗಿ ಓದಿದವರು. 1946ರಲ್ಲಿ ಅಮೆರಿಕದ ಕಪ್ಪುಜನರು ವಿಶ್ವಸಂಸ್ಥೆಗೆ ಮನವಿ ಕೊಟ್ಟ ಸುದ್ದಿ ತಿಳಿದು, ಅದರ ಪ್ರತಿ ಬೇಕೆಂದು ಡಬ್ಲ್ಯು.ಇ.ಬಿ. ಡುಬೊಯ್ಸ್ ಅವರಿಗೆ ಪತ್ರ ಬರೆದರು. ಇಲ್ಲೂ ಅವರು ಸುದ್ದಿಯ ಸಾರಾಂಶಕ್ಕೆ ತೃಪ್ತರಾಗಲಿಲ್ಲ, ಮೂಲ ಕಾಗದ ಬೇಕೆಂದರು. 1972ರಲ್ಲಿ ಮುಂಬಯಿಯ ತರುಣ ಬರಹಗಾರರು, 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಬಗ್ಗೆ ಓದಿ ತಿಳಿದುಕೊಂಡು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ ಎಂದು ಹೆಸರಿಟ್ಟರು. ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದವರು ಮಾಡಿದ್ದು ಪರದೇಶದ ರಾಜಕೀಯ ಸುದ್ದಿಯೊಂದರ ಸಾರಾಂಶವೇ. ಒಂದೇ ಶಬ್ದದ ಸಾರಾಂಶ. ಆದರೆ ಅವರು ಪ್ರೆಸಿಯ ಕೊನೆಯ ನಿಯಮ ಮುರಿದರು, ತಮ್ಮದನ್ನು ಸೇರಿಸಿದರು.

ಬೆಳಗಾವಿ ಜಿಲ್ಲೆಯವರಾದ ನಮಗೆ ಇದು ದೂರದ ಮಾತಲ್ಲ. 1925ರ ಏಪ್ರಿಲ್ಲಿನಲ್ಲಿ ನಮ್ಮ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆಯನ್ನು ಅಂಬೇಡ್ಕರ್ ವಹಿಸಿದ್ದರು. ಹುಕ್ಕೇರಿಯಿಂದ ಅದು ಬಹಳ ದೂರವಿಲ್ಲ. ಆದರೂ ನಮ್ಮ ಹುಡುಗರಿಗೆ ಅಂಬೇಡ್ಕರ್ ಎಂದರೆ ಸಂವಿಧಾನ, ಕೋಟು, ಪುಸ್ತಕ ಎಂಬ ಮೂರು ಶಬ್ದದ ಪ್ರೆಸಿ.

5

ಇಲ್ಲಿ ಇಂಗ್ಲಿಷಿನ ಪ್ರಶ್ನೆ ಎದುರಾಗುತ್ತದೆ. ಕನ್ನಡನಾಡಿಗೆಲ್ಲ ‘ಗೋಕಾಕ’ ಎಂದರೆ ಒಂದು ಚಳವಳಿಯ ಹೆಸರು. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಬೇಕೆಂದ ವಿ.ಕೃ. ಗೋಕಾಕ ಸಮಿತಿಯ ವರದಿ 1981ರಲ್ಲಿ ಬಂತು, 1982ರಲ್ಲಿ ಅದಕ್ಕಾಗಿ ರಾಜ್ಯವೇ ಬೀದಿಗಿಳಿಯಿತು. ಆ ವರದಿ ಬರೆದ ಹಿರಿಯರು ಸ್ವತಃ ಇಂಗ್ಲಿಷ್ ಪ್ರಾಧ್ಯಾಪಕರು ಎಂಬುದನ್ನು ನಮ್ಮೂರ ಹುಡುಗರಿಗೆ ಹೇಳಿದರೆ ನಗುತ್ತಾರೆ. ಕನ್ನಡ ಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಇಂಗ್ಲಿಷನ್ನು ದಕ್ಕಿಸಿಕೊಂಡವರಿಗೆ ಕನ್ನಡ ಒಂದು ಅಭಿಮಾನ. ಇಂಗ್ಲಿಷ್ ದಕ್ಕದವರಿಗೆ ಅದೊಂದೇ ಗತಿ. ಇವೆರಡೂ ಒಂದೇ ಕನ್ನಡವಲ್ಲ.

ಇದಕ್ಕೂ ಮೊದಲು, 1973ರ ನವೆಂಬರಿನಲ್ಲಿ, ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದು, ಗಲಭೆಯಾದದ್ದು, ಅವರು ಅಧಿಕಾರ ಬಿಡಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತು. ಆ ಭಾಷಣವೂ ಸಾರಾಂಶಕ್ಕೆ ಬಲಿಯಾಯಿತು. ಹಿಂದೆ ಮುಂದೆ ಏನಿತ್ತೋ ಬಿಟ್ಟುಹೋಗಿ ‘ಬೂಸಾ’ ಎಂಬ ಒಂದು ಶಬ್ದ ಮಾತ್ರ ಉಳಿಯಿತು. ಒಬ್ಬ ದಲಿತ ನಾಯಕ ಕೇಳಿದ ಪ್ರಶ್ನೆಯನ್ನು ಕೇಳಿಸಿಕೊಳ್ಳದಿರುವುದಕ್ಕೆ ಆ ಒಂದು ಶಬ್ದ ಸಾಕಾಯಿತು. ಅದೇ ಗಲಭೆಯ ಅನುಭವದಿಂದ ಕರ್ನಾಟಕದ ದಲಿತ ತರುಣರು ಸಂಘಟಿತರಾದರು ಎಂಬುದೂ ಚರಿತ್ರೆ.

ಕನ್ನಡ ವಿಮರ್ಶೆ ದಲಿತ ಸಾಹಿತ್ಯವನ್ನು ಓದಿದ ಕ್ರಮವೂ ಬಹಳ ಮಟ್ಟಿಗೆ ಪ್ರೆಸಿಯದೇ. ಹಸಿವು, ನೋವು, ಆಕ್ರೋಶ ಎಂಬ ಮೂರು ತಲೆಬರಹಗಳ ಕೆಳಗೆ ಎಲ್ಲವನ್ನೂ ಇಳಿಸಲಾಯಿತು. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಎಂದರೆ ಆಕ್ರೋಶ, ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಎಂದರೆ ನೋವು. ಸಿದ್ದಲಿಂಗಯ್ಯನವರ ನಗೆ ಎಲ್ಲಿ ಹೋಯಿತು? ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಕಥಾಸಾರ ಬರೆಯಿರಿ ಎಂದರೆ ಹುಡುಗರು ಮೇಲ್ಜಾತಿಯ ಹೆಣ್ಣು, ಕೇರಿಯ ಗಂಡು, ಪ್ರೇಮ, ಕೊಲೆ ಎಂದು ನಾಲ್ಕು ಸಾಲು ಬರೆಯುತ್ತಾರೆ. ಆ ಕತೆಯನ್ನು ಯಾವ ಸಿನಿಮಾದಲ್ಲೂ ನೋಡಬಹುದು. ರಾತ್ರಿ ಮಂಚದ ಮೇಲೆ ಕೂಡುವ ಜೋತಮ್ಮಗಳ ಮಾತು ಸಾರಾಂಶದಲ್ಲಿ ಬರುವುದಿಲ್ಲ. ಬಿಟ್ಟುಹೋದದ್ದೇ ಪುಸ್ತಕ.

ಈ ಮಾತನ್ನು ನಮ್ಮ ಕಡೆಗೂ ತಿರುಗಿಸಬೇಕು. ‘ದಲಿತ’ ಎಂಬುದೂ ಒಂದು ಸಾರಾಂಶವೇ. ಹೋರಾಟಕ್ಕೆ ಅದು ಬೇಕಾಗಿತ್ತು, ಬೇಕಾಗಿದೆ. ಆದರೆ ಅದರೊಳಗೆ ಯಾರ ಉದಾಹರಣೆಗಳು ಬಿಟ್ಟುಹೋದವು? ಒಳಮೀಸಲಾತಿ ಕೇಳಿದ ಸಮುದಾಯಗಳು ದಶಕಗಳ ಕಾಲ ಹೇಳಿದ್ದು ಇದನ್ನೇ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಉಪವರ್ಗೀಕರಣಕ್ಕೆ ಅವಕಾಶವಿದೆ ಎಂದು ಹೇಳುವವರೆಗೆ ನಮ್ಮ ಅನೇಕ ವೇದಿಕೆಗಳಲ್ಲಿ ಆ ಪ್ರಶ್ನೆಯನ್ನು ಒಗ್ಗಟ್ಟಿನ ಹೆಸರಿನಲ್ಲಿ ‘ಅನಗತ್ಯ’ ಎಂದವರಿದ್ದರು. ನ್ಯೂಸಮ್ ಅವರ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಇನ್ನು ಹೆಂಗಸರ ಮಾತು. ಚಾದಂಗಡಿಯ ಹೊರಗೆ ನಿಂತವರ ಬಗ್ಗೆ ಬರೆದ ಆ ಹುಡುಗಿ ಗಂಡಸರ ಬಗ್ಗೆಯೇ ಬರೆದಿದ್ದಳು. ಹೆಂಗಸರು ಎಲ್ಲಿ ನಿಲ್ಲುತ್ತಾರೆ ಎಂದು ಆಮೇಲೆ ಕೇಳಿದೆ. “ನಾವು ಅಲ್ಲಿಗೆ ಹೋಗೂದ ಇಲ್ಲರಿ” ಅಂದಳು.

ಪರದೇಶದ ಸುದ್ದಿಯ ಬಗ್ಗೂ ಒಂದು ಎಚ್ಚರ ಬೇಕು. ಸಿಯಾಟಲ್ಲಿನಲ್ಲಿ ನಡೆದದ್ದು ಸುದ್ದಿಯಾಗಿ ಗೋಕಾಕದ ಝೆರಾಕ್ಸ್ ಅಂಗಡಿಯವರೆಗೆ ಬಂತು. ಸಿಯಾಟಲ್ಲಿನ ಸುದ್ದಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ ದಲಿತನಿದ್ದಾನೆ, ಕಬ್ಬಿನ ಗದ್ದೆಯಲ್ಲಿ ಬಗ್ಗಿದ ದಲಿತಳಿಲ್ಲ. ಇಬ್ಬರಿಗೂ ಅವಮಾನ ಒಂದೇ ಇರಬಹುದು, ಕೂಲಿ ಒಂದೇ ಅಲ್ಲ. ಮೂಡಲಗಿಯ ಚಾದಂಗಡಿಯ ಸುದ್ದಿ ಯಾವ ಇಂಗ್ಲಿಷ್ ತರಗತಿಗೂ ಗದ್ಯಭಾಗವಾಗಿ ಹೋಗುವುದಿಲ್ಲ. ಹೋಗಬೇಕಾದರೆ ಅದನ್ನು ಯಾರಾದರೂ ಇಂಗ್ಲಿಷಿನಲ್ಲಿ ಬರೆಯಬೇಕು. ಬರೆದಳು. ಮೂರು ಅಂಕ ಬಂತು.

6

ಕೊನೆಗೆ, ಮಾಡಬಹುದಾದದ್ದರ ಬಗ್ಗೆ. ಪ್ರೆಸಿಯನ್ನು ಬಹಿಷ್ಕರಿಸಿ ಎಂದು ನಾನು ಹೇಳುವುದಿಲ್ಲ. ನಮ್ಮ ಹುಡುಗರಿಗೆ ಪರೀಕ್ಷೆ ಇದೆ, ಅದರಾಚೆ ನೌಕರಿಯ ಪರೀಕ್ಷೆಗಳಿವೆ. ಆ ಕೌಶಲ ನಮ್ಮವರ ಕೈಗೆ ಬಂದಾಗ ಮಾತ್ರ ಠಾಣೆಯ ಕಾಗದವನ್ನು ಓದಿ ‘ಇದರಲ್ಲಿ ನಾನು ಹೇಳಿದ್ದು ಬಿಟ್ಟುಹೋಗಿದೆ’ ಎಂದು ಹೇಳಬಲ್ಲರು.

ಆದರೆ ಎರಡು ಕೆಲಸ ನಾನು ಶುರು ಮಾಡಿದ್ದೇನೆ. ಒಂದು, ಸಾರಾಂಶದ ಕೆಳಗೆ ಒಂದು ಗೆರೆ ಎಳೆದು, ನೀನು ಬಿಟ್ಟದ್ದೇನು, ಯಾಕೆ ಬಿಟ್ಟೆ ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು ಬರೆಯಲು ಹೇಳುತ್ತೇನೆ. ಅದಕ್ಕೆ ಅಂಕ ಇಲ್ಲ. ಆದರೆ ನಾನು ಮೊದಲು ಓದುವುದು ಅದನ್ನೇ. ಎರಡು, ತಿರುವುಮುರುವಿನ ಅಭ್ಯಾಸ. ಕನ್ನಡ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ನಾಲ್ಕು ಸಾಲಿನ ಸುದ್ದಿಯೊಂದನ್ನು ತಂದು, ಇದರಲ್ಲಿ ಯಾರು ಮಾತಾಡಿಲ್ಲ, ಏನು ಕೇಳಬೇಕಾಗಿತ್ತು, ಯಾವ ಊರು, ಯಾವ ಹೊತ್ತು ಎಂದು ಪ್ರಶ್ನೆ ಹಾಕಿಕೊಂಡು ಒಂದು ಪುಟಕ್ಕೆ ಹಿಗ್ಗಿಸುವುದು. ಇಲ್ಲದ್ದನ್ನು ಹುಟ್ಟಿಸಬಾರದು, ಪ್ರಶ್ನೆಯಾಗಿಯೇ ಬರೆಯಬೇಕು ಎಂಬುದೊಂದೇ ನಿಯಮ. ಇದನ್ನು ಇಂಗ್ಲಿಷ್ ಮಾಸ್ತರರಾಗಿರುವ ಓದುಗರು ಮಾಡಿ ನೋಡಬೇಕು, ತಪ್ಪಿದ್ದರೆ ಬರೆದು ತಿಳಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ಹುಕ್ಕೇರಿ ಕಡೆಯ ಹುಡುಗ ಇನ್ನೂ ಆ ಶಬ್ದ ಬರೆಯುವುದಿಲ್ಲ. ಗೆರೆಯ ಕೆಳಗೆ ಒಮ್ಮೆ ಬರೆದಿದ್ದ: “ಒಂದು ಶಬ್ದ ಬಿಟ್ಟೇನಿ. ನಿಮಗ ಗೊತ್ತೈತಿ.” ಅವನನ್ನು ಒತ್ತಾಯ ಮಾಡುವ ಹಕ್ಕು ನನಗಿದೆ ಎಂದು ಅನಿಸುವುದಿಲ್ಲ. ಎಂ.ಎ. ಮುಗಿಯುವವರೆಗೆ ನಾನೂ ಅದನ್ನು ಬಿಟ್ಟೇ ಬರೆದವನು. ಹಾಗೆ ಬರೆದೇ ಪಾಸಾದವನು. ಅವನಿಗೆ ಎಂಟು ಕೊಟ್ಟ ಕೈ ಯಾವುದು ಎಂದು ನನಗೆ ಈಗ ತಿಳಿಯುತ್ತದೆ. ಆ ಶಬ್ದ ಓದಿದವನ ಕಡೆ ಎಲ್ಲರೂ ತಿರುಗಿ ನೋಡದಂಥ ತರಗತಿಯನ್ನು ಮೊದಲು ಮಾಡಬೇಕಾದದ್ದು ನಾನು, ಅವನಲ್ಲ.

ಆ ಹುಡುಗಿಯ ಮೂರು ಅಂಕವನ್ನು ತಿದ್ದಲು ಆಗಲಿಲ್ಲ. ಆಂತರಿಕ ಅಂಕಗಳ ಪಟ್ಟಿ ಅಷ್ಟರಲ್ಲಿ ಮೇಲೆ ಹೋಗಿತ್ತು. ಅವಳ ಹಾಳೆಯನ್ನು ಕೇಳಿ ಇಸಿದುಕೊಂಡು ಈ ಲೇಖನ ಬರೆದೆ. ಅವಳ ಒಂದೂವರೆ ಪುಟವನ್ನು ನಾನು ಇಲ್ಲಿ ನಾಲ್ಕು ಸಾಲು ಮಾಡಿದ್ದೇನೆ ಎಂಬುದು ಓದುಗರ ಗಮನಕ್ಕೆ ಬಂದಿರಬಹುದು. ಅಂಗಡಿಯ ಹಲಗೆಯ ಬಣ್ಣ, ಹೊರಗಿನ ಕಲ್ಲಿನ ಮೇಲೆ ಕಪ್ಪು ಇಟ್ಟು ಒಳಗೆ ಹೋಗುವ ಹುಡುಗ, ಮಳೆ ಬಂದಾಗ ಹೊರಗಿನವರು ಏನು ಮಾಡುತ್ತಾರೆ ಎಂಬುದು, ಇವೆಲ್ಲ ಅದರಲ್ಲಿದ್ದವು. ಹಾಳೆ ಅವಳಿಗೆ ವಾಪಸು ಕೊಟ್ಟಿದ್ದೇನೆ. ಅವಳೇ ಪೂರ್ತಿ ಬರೆದು ಈ ಪತ್ರಿಕೆಗೆ ಕಳಿಸಲಿ ಎಂದು ಹೇಳಿದ್ದೇನೆ.